ಲಾಕ್‌ಡೌನ್ ಮುಗಿದು ವರ್ಷಗಳಾದವು, ನನ್ನ ಮೈ ಮಾತ್ರ ಇನ್ನೂ ಮೊದಲಿನಂತಾಗಿಲ್ಲ. ಏನು ಮಾಡಲಿ?

ಪ್ರಶ್ನೆ: ನನಗೆ 46 ವರ್ಷ. ಬೆಂಗಳೂರಿನ ವಿಜಯನಗರದಲ್ಲಿ ಮನೆ, ವೈಟ್‌ಫೀಲ್ಡ್‌ನಲ್ಲಿ ಸಾಫ್ಟ್‌ವೇರ್ ಕೆಲಸ. 2020ರ ಮಾರ್ಚ್‌ವರೆಗೆ ಕಂಪನಿ ಬಸ್ ಹಿಡಿಯೋಕೆ ದಿನಾ 12 ನಿಮಿಷ ನಡೆಯುತ್ತಿದ್ದೆ. ಆಫೀಸ್ ಗೇಟಿನಿಂದ ನಮ್ಮ ಬ್ಲಾಕ್‌ಗೆ ಇನ್ನೊಂದು 8 ನಿಮಿಷ. ಊಟ ಆದ ಮೇಲೆ ಗೆಳತಿಯರ ಜೊತೆ ಕಾಲು ಗಂಟೆ ಸುತ್ತಾಟ. ಜಿಮ್, ಯೋಗ ಯಾವತ್ತೂ ಮಾಡಿದವಳಲ್ಲ. ಆಮೇಲೆ ವರ್ಕ್ ಫ್ರಮ್ ಹೋಮ್ ಶುರುವಾಯಿತು. ವಿಚಿತ್ರ ಅಂದರೆ ಲಾಕ್‌ಡೌನ್‌ನ ಮೊದಲ ಎರಡು ತಿಂಗಳು ನನ್ನ ತೂಕ ಏರಲೇ ಇಲ್ಲ, ಏರಿದ್ದೆಲ್ಲ ಆಮೇಲೆ. ಈಗ 11 ಕಿಲೋ ಜಾಸ್ತಿ ಇದ್ದೇನೆ. ಎಚ್‌ಬಿಎ1ಸಿ, ಅಂದರೆ ಎರಡು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ರಕ್ತ ಪರೀಕ್ಷೆ, 6.1 ಬಂತು. ಸೊಂಟ ನೋವಿಗೆ ಎಂಆರ್‌ಐ ಮಾಡಿಸಿದಾಗ ಡಿಸ್ಕ್ (ಬೆನ್ನುಮೂಳೆಗಳ ನಡುವಿನ ಮೆತ್ತೆ) ಉಬ್ಬಿದೆ ಅಂತ ಬಂತು. ಈಗ ವಾರಕ್ಕೆ ಎರಡು ದಿನ ಕ್ಯಾಬ್‌ನಲ್ಲಿ ಆಫೀಸಿಗೆ ಹೋಗುತ್ತೇನೆ, ಉಳಿದ ದಿನ ಹತ್ತು ಗಂಟೆ ಕುರ್ಚಿ. ಜನವರಿಯಲ್ಲಿ ಜಿಮ್ ಸೇರಿದೆ, ಹತ್ತೇ ದಿನಕ್ಕೆ ಮಂಡಿ ಊದಿಕೊಂಡಿತು, ಬಿಟ್ಟೆ. ಮನೆಯವರು "ಜಿಮ್‌ಗೆ ಹೋದರೆ ಹಾರ್ಟ್ ಅಟ್ಯಾಕ್ ಆಗುತ್ತೆ, ಸುಮ್ನಿರು" ಅನ್ನುತ್ತಾರೆ. ನನ್ನ ದೇಹ ಶಾಶ್ವತವಾಗಿ ಕೆಟ್ಟುಹೋಯಿತಾ? ದಿನಾ ಒಂದು ಗಂಟೆ ನಡೆದರೆ ಸಾಕಾ? ನಿಂತು ಕೆಲಸ ಮಾಡುವ ಟೇಬಲ್ ಕೊಳ್ಳಲಾ? ಇನ್ನೊಂದು ವಿಷಯ, ನಮ್ಮ ಅತ್ತೆಗೆ 72. ದಿನಾ ದೇವಸ್ಥಾನಕ್ಕೆ ನಡೆದು ಹೋಗುತ್ತಿದ್ದವರು 2020ರಲ್ಲಿ ಮನೆಯೊಳಗೆ ಕೂತರು, ಈಗ ಬೀಳುವ ಭಯಕ್ಕೆ ಗೇಟ್ ಕೂಡ ದಾಟುವುದಿಲ್ಲ. ಅವರಿಗೂ ಏನಾದರೂ ಹೇಳಿ.

ಉತ್ತರ: ಮೊದಲು ನಿಮ್ಮ ದೊಡ್ಡ ಪ್ರಶ್ನೆಗೆ ಉತ್ತರ. ಇಲ್ಲ, ನಿಮ್ಮ ದೇಹ ಶಾಶ್ವತವಾಗಿ ಕೆಟ್ಟಿಲ್ಲ. ಇಪ್ಪತ್ತು ವರ್ಷಕ್ಕಿಂತ ಜಾಸ್ತಿ ಫಿಸಿಯೋಥೆರಪಿ ಕೆಲಸ ಮಾಡಿದ್ದೇನೆ, 2021ರಿಂದ ಈಚೆಗೆ ನಿಮ್ಮಂಥ ಕಥೆಯನ್ನು ವಾರಕ್ಕೆ ಒಬ್ಬರಾದರೂ ಹೇಳುತ್ತಾರೆ. ಹೆಚ್ಚಿನವರು "ನಾನು ಸೋಮಾರಿ ಆಗಿಬಿಟ್ಟೆ ಡಾಕ್ಟ್ರೇ" ಅಂತ ತಪ್ಪೊಪ್ಪಿಕೊಳ್ಳುವ ಹಾಗೆ ಮಾತು ಶುರು ಮಾಡುತ್ತಾರೆ. ನೀವು ಹಾಗೆ ಅಂದುಕೊಳ್ಳಬೇಡಿ. ಯಾಕೆ ಅನ್ನುವುದಕ್ಕೆ ಉತ್ತರ ನಿಮ್ಮ ಪತ್ರದಲ್ಲೇ ಇದೆ.

ನೀವೇ ಕೊಟ್ಟ ಲೆಕ್ಕ ಕೂಡಿಸೋಣ. ಹೋಗುವಾಗ 12 ಮತ್ತು 8, ಬರುವಾಗ ಮತ್ತೆ ಅಷ್ಟೇ, ಒಟ್ಟು 40 ನಿಮಿಷ. ಮಧ್ಯಾಹ್ನದ 15 ಸೇರಿಸಿದರೆ 55. ವಾರಕ್ಕೆ ಐದು ದಿನ ಅಂದರೆ 275 ನಿಮಿಷ. ವಿಶ್ವ ಆರೋಗ್ಯ ಸಂಸ್ಥೆ 2020ರ ನವೆಂಬರ್‌ನಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ವಯಸ್ಕರಿಗೆ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಮಟ್ಟದ ಚಟುವಟಿಕೆ ಬೇಕು ಅಂತಿದೆ. ಚುರುಕಾಗಿ ನಡೆಯುವುದೂ ಅದರಲ್ಲಿ ಸೇರುತ್ತದೆ. ಬಸ್ ತಪ್ಪಬಾರದು ಅಂತ ನಡೆಯುವವರು ನಿಧಾನಕ್ಕಂತೂ ನಡೆಯುವುದಿಲ್ಲ, ಅಲ್ವಾ? ಅಂದರೆ ಏನೂ ವ್ಯಾಯಾಮ ಮಾಡಿಲ್ಲ ಅಂತ ನೀವು ಹೇಳಿಕೊಳ್ಳುವ ಆ ವರ್ಷಗಳಲ್ಲಿ ದೇಹಕ್ಕೆ ಬೇಕಾದ ಓಡಾಟ ಪೂರ್ತಿ ಸಿಗುತ್ತಿತ್ತು. ಅದು ಲೆಕ್ಕಕ್ಕೆ ಬರದ ಓಡಾಟ. ಅದಕ್ಕೇ ಅದು ಕಳೆದುಹೋದಾಗಲೂ ಯಾರಿಗೂ ಗೊತ್ತಾಗಲಿಲ್ಲ.

ಹಾಗಾದರೆ ಮೊದಲ ಎರಡು ತಿಂಗಳು ತೂಕ ಯಾಕೆ ಏರಲಿಲ್ಲ? ಇದನ್ನು ನೀವು ಗಮನಿಸಿದ್ದು ನನಗೆ ತುಂಬಾ ಇಷ್ಟವಾಯಿತು, ಯಾಕೆಂದರೆ ಬಹಳ ಜನ "ಲಾಕ್‌ಡೌನ್‌ನಲ್ಲಿ ಕೂತು ದಪ್ಪಗಾದೆ" ಅಂತ ಒಂದೇ ಮಾತಲ್ಲಿ ಮುಗಿಸಿಬಿಡುತ್ತಾರೆ. ನೆನಪು ಮಾಡಿಕೊಳ್ಳಿ. 2020ರ ಮಾರ್ಚ್ 25ಕ್ಕೆ ಲಾಕ್‌ಡೌನ್ ಶುರು. ಮನೆಗೆಲಸದವರು ಬರುವಂತಿರಲಿಲ್ಲ. ಕಸ ಗುಡಿಸುವುದು, ನೆಲ ಒರೆಸುವುದು, ಪಾತ್ರೆ, ಬಟ್ಟೆ, ಮೂರು ಹೊತ್ತು ಎಲ್ಲರಿಗೂ ಅಡುಗೆ, ತಾರಸಿ ಹತ್ತಿ ಬಟ್ಟೆ ಒಣಗಿಸುವುದು ಎಲ್ಲ ನಿಮ್ಮ ಕೈಗೇ ಬಂದಿರುತ್ತದೆ. ನಡಿಗೆ ನಿಂತರೂ ಆ ಕೆಲಸ ಸ್ವಲ್ಪ ಸರಿದೂಗಿಸಿತು. ಮೇ ಮುಗಿದು ಜೂನ್ ಬಂತು, ಕೆಲಸದವರು ವಾಪಸ್ ಬಂದರು. ಬಸ್ ಸ್ಟಾಪಿನ ನಡಿಗೆ ಮಾತ್ರ ವಾಪಸ್ ಬರಲಿಲ್ಲ. ಹೊರಗಿನ ಓಡಾಟ ಮಾರ್ಚ್‌ನಲ್ಲೇ ಹೋಗಿತ್ತು, ಒಳಗಿನ ಓಡಾಟ ಜೂನ್‌ನಲ್ಲಿ ಹೋಯಿತು. ತೂಕ ಏರಿದ್ದು ಎರಡೂ ಹೋದ ಮೇಲೆ. ನಾನು ನೋಡಿದ ಎಷ್ಟೋ ಮನೆಗಳಲ್ಲಿ ಹೀಗೇ ಆಗಿದೆ.

ಇದರಲ್ಲಿ ಇನ್ನೊಂದು ಮಾತೂ ಇದೆ, ಹೇಳದೆ ಮುಂದೆ ಹೋಗಲು ಮನಸ್ಸಾಗುವುದಿಲ್ಲ. ಲಾಕ್‌ಡೌನ್‌ನಲ್ಲಿ ಎಲ್ಲರೂ ಕೂತರು ಅನ್ನುವುದು ನಿಜವಲ್ಲ. ಪೌರಕಾರ್ಮಿಕರು ಕೂರಲಿಲ್ಲ, ಆಶಾ ಕಾರ್ಯಕರ್ತೆಯರು ಬಿಸಿಲಲ್ಲಿ ಮನೆಮನೆ ಸುತ್ತಿದರು, ಕಟ್ಟಡ ಕೆಲಸದವರು ಮಕ್ಕಳನ್ನು ಎತ್ತಿಕೊಂಡು ಊರಿನ ಕಡೆ ನಡೆದರು. ಅವರ ಮೈಗೆ ಬಿದ್ದ ಪೆಟ್ಟು ಬೇರೆಯೇ. ಕೂತವರು ಕೂತು ಕೆಲಸ ಮಾಡಬಹುದಾದವರು, ಅಂದರೆ ನಿಮ್ಮಂಥವರು. ಜೊತೆಗೆ ಶಾಲೆ ಮುಚ್ಚಿದ ಮಕ್ಕಳು, ಮತ್ತೆ ನಿಮ್ಮ ಅತ್ತೆಯಂಥ ಹಿರಿಯರು.

ಎಷ್ಟು ಕೂತರು ಅನ್ನುವುದಕ್ಕೂ ಅಂಕಿ ಇದೆ. ಅಮೆರಿಕದ ಸಂಶೋಧಕರು ಮೊಬೈಲ್ ಆ್ಯಪ್ ಒಂದರಲ್ಲಿ ದಾಖಲಾದ, 187 ದೇಶಗಳ ನಾಲ್ಕೂವರೆ ಲಕ್ಷಕ್ಕೂ ಹೆಚ್ಚು ಜನರ ಹೆಜ್ಜೆಗಳನ್ನು ನೋಡಿದರು. 2020ರ ಮಾರ್ಚ್ 11ರಂದು ಮಹಾಮಾರಿ ಅಂತ ಘೋಷಣೆ ಆದ ಮೂವತ್ತೇ ದಿನದಲ್ಲಿ ದಿನದ ಹೆಜ್ಜೆಗಳು ಸರಾಸರಿ ಶೇ 27ರಷ್ಟು ಕಡಿಮೆಯಾಗಿದ್ದವು. ಕಟ್ಟುನಿಟ್ಟಿನ ಲಾಕ್‌ಡೌನ್ ಇದ್ದ ಇಟಲಿಯಲ್ಲಿ ಇಳಿಕೆ ಹೆಚ್ಚುಕಮ್ಮಿ ಅರ್ಧದಷ್ಟಿತ್ತು. ಇನ್ನೊಂದು ಅಂತರರಾಷ್ಟ್ರೀಯ ಸಮೀಕ್ಷೆಯಲ್ಲಿ, ದಿನಕ್ಕೆ 5 ಗಂಟೆ ಕೂರುತ್ತಿದ್ದವರು 8 ಗಂಟೆ ಕೂರುತ್ತಿದ್ದೇವೆ ಅಂದರು. ಆದರೆ ಎಲ್ಲ ತಪ್ಪನ್ನೂ ಲಾಕ್‌ಡೌನ್ ತಲೆಗೆ ಕಟ್ಟಬೇಡಿ. ನಮ್ಮ ದೇಶದಲ್ಲಿ ಸಾಕಷ್ಟು ಓಡಾಟ ಇಲ್ಲದ ವಯಸ್ಕರು 2000ನೇ ಇಸವಿಯಲ್ಲಿ ಶೇ 22ರಷ್ಟಿದ್ದರು, 2022ಕ್ಕೆ ಹತ್ತಿರ ಹತ್ತಿರ ಶೇ 50, ಹೆಂಗಸರಲ್ಲಿ ಶೇ 57. ಲಾಕ್‌ಡೌನ್ ಬರುವ ಮೊದಲೇ ಇಳಿಜಾರಿನಲ್ಲಿದ್ದೆವು, ಅದು ಹಿಂದಿನಿಂದ ನೂಕಿತು ಅಷ್ಟೇ.

ಕೂತಾಗ ಒಳಗೆ ಏನಾಗುತ್ತದೆ? ತೊಡೆ ಮತ್ತು ಪೃಷ್ಠದ ಸ್ನಾಯುಗಳು ನಮ್ಮ ಮೈಯಲ್ಲಿ ಸಕ್ಕರೆ ಹೀರುವ ದೊಡ್ಡ ಜಾಗ. ಸ್ನಾಯು ಕೆಲಸ ಮಾಡುವಾಗ ಇನ್ಸುಲಿನ್ ಸಹಾಯ ಇಲ್ಲದೆಯೂ ರಕ್ತದಿಂದ ಸಕ್ಕರೆ ಎಳೆದುಕೊಳ್ಳುತ್ತದೆ. ಗಂಟೆಗಟ್ಟಲೆ ಕೂತರೆ ಆ ಬಾಗಿಲು ಮುಚ್ಚಿದ ಹಾಗೆ. ಅನ್ನ ಸಾರು ಉಂಡು ನೇರ ಲ್ಯಾಪ್‌ಟಾಪ್ ಮುಂದೆ ಕೂತರೆ ಆ ಸಕ್ಕರೆ ಎಲ್ಲಿಗೆ ಹೋಗಬೇಕು? ನಿಮ್ಮ 6.1 ಸಕ್ಕರೆ ಕಾಯಿಲೆ ಅಲ್ಲ, ಅದರ ಹೊಸ್ತಿಲು. 5.7ರಿಂದ 6.4ರವರೆಗೆ ಹೊಸ್ತಿಲು ಅಂತಲೇ ಲೆಕ್ಕ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ದೊಡ್ಡ ಅಧ್ಯಯನ 2023ರಲ್ಲಿ ಪ್ರಕಟವಾಯಿತು, ದೇಶದಲ್ಲಿ ಸುಮಾರು 13.6 ಕೋಟಿ ಜನ ಈ ಹೊಸ್ತಿಲಲ್ಲಿದ್ದಾರೆ ಅನ್ನುತ್ತದೆ ಅದು. ಇಲ್ಲಿಂದ ಹಿಂದಕ್ಕೆ ಬರಬಹುದು. ಬಂದವರನ್ನು ನಾನು ನೋಡಿದ್ದೇನೆ.

ಈಗ ನಿಮ್ಮ ಡಿಸ್ಕ್. ಎಂಆರ್‌ಐ ಕಾಗದ ಹಿಡಿದು ಗಾಬರಿಯಲ್ಲಿ ಬರುವವರಿಗೆಲ್ಲ ನಾನು ಮೊದಲು ಹೇಳುವ ಮಾತು ಒಂದೇ. ನೋವೇ ಇಲ್ಲದ ಜನರನ್ನು ಸ್ಕ್ಯಾನ್ ಮಾಡಿದ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ನೋಡಿದಾಗ, 40ರ ವಯಸ್ಸಿನವರಲ್ಲಿ ಅರ್ಧ ಜನರಿಗೆ ಡಿಸ್ಕ್ ಉಬ್ಬಿತ್ತು. ಅವರಿಗೆ ನೋವಿಲ್ಲ, ಗೊತ್ತೂ ಇಲ್ಲ. ಹಾಗಾಗಿ ಆ ಒಂದು ಸಾಲಿನ ಮೇಲೆ ನಿಮ್ಮ ಬದುಕನ್ನೇ ಕಟ್ಟಿಹಾಕಬೇಡಿ, ಬಗ್ಗಬಾರದು, ಎತ್ತಬಾರದು ಅಂತ ಹೆದರಿ ಇನ್ನೂ ಕಡಿಮೆ ಓಡಾಡಿದರೆ ಸೊಂಟ ಇನ್ನಷ್ಟು ಹಿಡಿಯುತ್ತದೆ. ಕಾಲು ಜೋಮು ಹಿಡಿದು ಬಲ ಕಳೆದುಕೊಂಡರೆ, ಮೂತ್ರ ಮಲದ ಮೇಲೆ ಹಿಡಿತ ತಪ್ಪಿದರೆ, ತೊಡೆಸಂದಿಯ ಸುತ್ತ ಸ್ಪರ್ಶ ತಿಳಿಯದಿದ್ದರೆ ಒಂದು ದಿನವೂ ಕಾಯದೆ ಆಸ್ಪತ್ರೆಗೆ ಹೋಗಬೇಕು. ನೋವಿನ ಜೊತೆ ಜ್ವರ ಇದ್ದರೂ ಡಾಕ್ಟರಿಗೆ ತೋರಿಸಿ. ಅದೇನೂ ಇಲ್ಲ ಅಂದರೆ ನಿಮ್ಮದು ಓಡಾಟದಿಂದಲೇ ವಾಸಿಯಾಗುವ ನೋವು.

"ಶಾಶ್ವತವಾಗಿ ಕೆಟ್ಟಿತಾ" ಅನ್ನುವುದಕ್ಕೆ ಒಂದು ಹಳೆಯ ಪ್ರಯೋಗದ ಕಥೆ ಹೇಳುತ್ತೇನೆ. 1966ರಲ್ಲಿ ಅಮೆರಿಕದ ಡಲ್ಲಾಸ್‌ನಲ್ಲಿ 20 ವರ್ಷದ ಐದು ಹುಡುಗರನ್ನು ಮೂರು ವಾರ ಹಾಸಿಗೆಯಲ್ಲೇ ಮಲಗಿಸಿದರು. ಮೂರೇ ವಾರಕ್ಕೆ ಅವರ ದಮ್ಮು, ಅಂದರೆ ದೇಹ ಆಮ್ಲಜನಕ ಬಳಸುವ ಸಾಮರ್ಥ್ಯ, ಕಾಲು ಭಾಗಕ್ಕಿಂತ ಹೆಚ್ಚು ಕುಸಿಯಿತು. ಮೂವತ್ತು ವರ್ಷ ಆದ ಮೇಲೆ ಅದೇ ಐವರನ್ನು ಹುಡುಕಿ ಮತ್ತೆ ಪರೀಕ್ಷಿಸಿದರು. ಐವತ್ತು ದಾಟಿದ್ದರು, ತೂಕ ಏರಿತ್ತು. ಆದರೂ ಇಪ್ಪತ್ತರಲ್ಲಿ ಮೂರು ವಾರ ಮಲಗಿ ಎದ್ದಾಗ ಇದ್ದಷ್ಟು ಕೆಟ್ಟ ಸ್ಥಿತಿಯಲ್ಲಿ ಒಬ್ಬರೂ ಇರಲಿಲ್ಲ! ಮೂವತ್ತು ವರ್ಷದ ವಯಸ್ಸು ಮಾಡದ ಹಾನಿಯನ್ನು ಮೂರು ವಾರದ ಹಾಸಿಗೆ ಮಾಡಿತ್ತು. ಆಮೇಲೆ ಆರು ತಿಂಗಳು ನಿಧಾನವಾಗಿ ನಡಿಗೆ, ಓಟ, ಸೈಕಲ್ ಅಂತ ತರಬೇತಿ ಕೊಟ್ಟರು. ಮೂವತ್ತು ವರ್ಷದಲ್ಲಿ ಕಳೆದುಕೊಂಡ ದಮ್ಮು ಪೂರ್ತಿ ವಾಪಸ್ ಬಂತು. ಐದೇ ಜನ, ಚಿಕ್ಕ ಪ್ರಯೋಗ, ನಿಜ. ಆದರೆ ನನ್ನ ಕ್ಲಿನಿಕ್ಕಿನಲ್ಲಿ ಕಂಡದ್ದಕ್ಕೂ ಇದಕ್ಕೂ ತಾಳೆ ಆಗುತ್ತದೆ. ಆರು ತಿಂಗಳು, ನಿಧಾನವಾಗಿ, ಈ ಎರಡು ಮಾತು ಹಿಡಿದುಕೊಳ್ಳಿ.

ಯಾಕೆಂದರೆ ನಿಮ್ಮ ಮಂಡಿ ಊದಿದ್ದು ಅಲ್ಲೇ. ಐದು ವರ್ಷ ಕೂತ ಕಾಲಿಗೆ ಹತ್ತು ದಿನದಲ್ಲಿ ಟ್ರೆಡ್‌ಮಿಲ್ ಓಟ, ಬಸ್ಕಿ ಎಲ್ಲ ಹೊರಿಸಿದರೆ ಅದು ತಾಳುವುದಿಲ್ಲ. ಸ್ನಾಯು ಬೇಗ ಬಲಿಯುತ್ತದೆ, ಸ್ನಾಯುವನ್ನು ಮೂಳೆಗೆ ಕಟ್ಟುವ ನಾರು ತಡವಾಗಿ ಬಲಿಯುತ್ತದೆ, ಅದಕ್ಕೆ ತಿಂಗಳುಗಳು ಬೇಕು. ಮಂಡಿ ಸವೆದುಹೋಗಿದೆ ಅಂತ ಈಗಲೇ ತೀರ್ಮಾನಿಸಬೇಡಿ. ಊತ ಈಗಲೂ ಇದ್ದರೆ ಒಮ್ಮೆ ತೋರಿಸಿ, ಇಳಿದಿದ್ದರೆ ಬಹುಶಃ ಅದು ಹೊರೆಯ ಸಮಸ್ಯೆ. ಇನ್ನೊಂದು ಸಮಾಧಾನ: ಮಂಡಿ ಸವೆತ ಇರುವ, ತೂಕ ಹೆಚ್ಚಿರುವ ಹಿರಿಯರಲ್ಲಿ ಅಳೆದು ನೋಡಿದ್ದಾರೆ. ಒಂದು ಕಿಲೋ ತೂಕ ಇಳಿದರೆ ಪ್ರತಿ ಹೆಜ್ಜೆಗೂ ಮಂಡಿಯ ಮೇಲಿನ ಭಾರ ಸುಮಾರು ನಾಲ್ಕು ಕಿಲೋ ಇಳಿಯುತ್ತದೆ. 11 ಕಿಲೋದಲ್ಲಿ ಮೂರು ಇಳಿಸಿದರೂ ಮಂಡಿಗೆ ಗೊತ್ತಾಗುತ್ತದೆ.

ಹಾರ್ಟ್ ಅಟ್ಯಾಕ್ ಭಯ. ಇದನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ 46ಕ್ಕೇ ಹೋದಾಗ ಇಡೀ ಕರ್ನಾಟಕ ಅತ್ತಿತು. ಅಷ್ಟು ಚೆನ್ನಾಗಿ ಮೈ ಇಟ್ಟುಕೊಂಡವರಿಗೇ ಹೀಗಾದರೆ ನಮ್ಮ ಗತಿ ಏನು ಅಂತ ಆ ವಾರ ನನ್ನಲ್ಲಿಗೆ ಬಂದ ಪ್ರತಿಯೊಬ್ಬರೂ ಕೇಳಿದರು. ನಿಮಗೂ ಈಗ ಅದೇ ವಯಸ್ಸು, ಮನೆಯವರು ಹೆದರುವುದು ಸಹಜ. ಆದರೆ ಒಬ್ಬರ ಸಾವಿನಿಂದ ಎಲ್ಲರಿಗೂ ನಿಯಮ ಮಾಡಲು ಆಗುವುದಿಲ್ಲ. ಐಸಿಎಂಆರ್ 18ರಿಂದ 45 ವರ್ಷದವರ ಹಠಾತ್ ಸಾವುಗಳ ಬಗ್ಗೆ ದೇಶದ ಹಲವು ಆಸ್ಪತ್ರೆಗಳಲ್ಲಿ ಅಧ್ಯಯನ ಮಾಡಿ 2023ರಲ್ಲಿ ಫಲಿತಾಂಶ ಕೊಟ್ಟಿತು. ಕೋವಿಡ್ ಲಸಿಕೆಯಿಂದ ಅಪಾಯ ಹೆಚ್ಚಲಿಲ್ಲ. ಅಪಾಯ ಹೆಚ್ಚು ಕಂಡದ್ದು ಕೋವಿಡ್‌ಗೆ ಆಸ್ಪತ್ರೆ ಸೇರಿದ್ದವರಲ್ಲಿ, ಮನೆತನದಲ್ಲಿ ಹಠಾತ್ ಸಾವು ಕಂಡವರಲ್ಲಿ, ಸಿಗರೇಟ್ ಸೇದುವವರಲ್ಲಿ, ಸಾಯುವ ಹಿಂದಿನ 48 ಗಂಟೆಯಲ್ಲಿ ವಿಪರೀತ ಕುಡಿದವರಲ್ಲಿ, ಹಾಗೆಯೇ ಆ 48 ಗಂಟೆಯಲ್ಲಿ ತೀರಾ ಬಿರುಸಾಗಿ ಮೈ ದಂಡಿಸಿದವರಲ್ಲಿ. ಕೊನೆಯದನ್ನು ಗಮನಿಸಿ, ಅಲ್ಲಿ ಹೇಳಿದ್ದು ತೀರಾ ಬಿರುಸಿನ ಶ್ರಮದ ಮಾತು. ನಡಿಗೆಯ ಮಾತಲ್ಲ. ನನ್ನ ಅನುಭವದಲ್ಲಿ ನಿಜವಾಗಿ ಹೆದರಬೇಕಾದ್ದು ವರ್ಷಗಟ್ಟಲೆ ಕೂತು ಒಂದು ದಿನ ಇದ್ದಕ್ಕಿದ್ದ ಹಾಗೆ ಮೈ ಮುರಿಯುವಷ್ಟು ಮಾಡುವುದಕ್ಕೆ. ದಿನಾ ಕೂತೇ ಇರುವುದಕ್ಕೂ ಅಷ್ಟೇ ಹೆದರಬೇಕು.

ಹಾಗಾಗಿ ಶುರು ಮಾಡುವ ಮೊದಲು ಬಿಪಿ, ಸಕ್ಕರೆ, ಕೊಲೆಸ್ಟ್ರಾಲ್ ನೋಡಿಸಿ ನಿಮ್ಮ ಡಾಕ್ಟರ ಹತ್ತಿರ ಒಂದು ಮಾತು ಕೇಳಿ. ಮನೆತನದಲ್ಲಿ ಚಿಕ್ಕ ವಯಸ್ಸಿಗೇ ಹೃದಯದ ಕಾಯಿಲೆ ಬಂದವರಿದ್ದರೆ, ಕೋವಿಡ್‌ನಲ್ಲಿ ಆಸ್ಪತ್ರೆ ಸೇರಿದ್ದರೆ ಅದನ್ನು ಮರೆಯದೆ ಹೇಳಿ. ಮೆಟ್ಟಿಲು ಹತ್ತುವಾಗ ಎದೆ ಬಿಗಿದರೆ, ದವಡೆಗೋ ಎಡಗೈಗೋ ನೋವು ಇಳಿದರೆ, ತಲೆ ಸುತ್ತಿ ಕತ್ತಲೆ ಬಂದರೆ "ಗ್ಯಾಸ್ ಇರಬೇಕು" ಅಂತ ಸುಮ್ನೆ ಇರಬೇಡಿ. ಎಷ್ಟೋ ಹೆಂಗಸರು ಹಾಗೆ ಅಂದುಕೊಂಡೇ ತಡ ಮಾಡುತ್ತಾರೆ.

ದಿನಕ್ಕೆ ಒಂದು ಗಂಟೆ ನಡೆದರೆ ಸಾಕಾ ಅಂದಿರಿ. ಬಹಳಷ್ಟು ಮಟ್ಟಿಗೆ ಸಾಕು, ಪೂರ್ತಿ ಅಲ್ಲ. ಹತ್ತು ಲಕ್ಷಕ್ಕೂ ಹೆಚ್ಚು ಜನರ ಮಾಹಿತಿ ಸೇರಿಸಿ 2016ರಲ್ಲಿ ಬಂದ ವಿಶ್ಲೇಷಣೆ ಪ್ರಕಾರ ಎಂಟು ಗಂಟೆಗಿಂತ ಹೆಚ್ಚು ಕೂರುವವರೂ ದಿನಕ್ಕೆ 60ರಿಂದ 75 ನಿಮಿಷ ಚುರುಕಾಗಿ ಓಡಾಡಿದರೆ ಕೂರುವುದರಿಂದ ಹೆಚ್ಚುವ ಸಾವಿನ ಅಪಾಯ ಹೆಚ್ಚುಕಮ್ಮಿ ಇಲ್ಲವಾಗುತ್ತದೆ. ಆದರೆ ಊಟದ ಮೇಲಿನ ಸಕ್ಕರೆಗೂ ನಿಮ್ಮ ಸೊಂಟಕ್ಕೂ ಬೆಳಗಿನ ಆ ಒಂದು ಗಂಟೆ ಸಾಲದು. ಅವಕ್ಕೆ ನಡುನಡುವೆ ಏಳಬೇಕು. ಪ್ರತಿ 20 ನಿಮಿಷಕ್ಕೊಮ್ಮೆ ಎದ್ದು ಎರಡು ನಿಮಿಷ ಮೆಲ್ಲಗೆ ನಡೆದವರಲ್ಲಿ ಊಟದ ನಂತರದ ಸಕ್ಕರೆ ಏರಿಕೆ ಸುಮಾರು ಕಾಲು ಭಾಗ ಕಡಿಮೆಯಾಯಿತು ಅಂತ ಆಸ್ಟ್ರೇಲಿಯಾದ ಒಂದು ಅಧ್ಯಯನ 2012ರಲ್ಲಿ ತೋರಿಸಿತು. ಮೀಟಿಂಗ್ ನಡುವೆ 20 ನಿಮಿಷಕ್ಕೊಮ್ಮೆ ಏಳುವುದು ಕಷ್ಟ, ಗೊತ್ತು. ಅರ್ಧ ಗಂಟೆಗೊಮ್ಮೆ ಎದ್ದರೂ ಸರಿ. ಫೋನ್ ಬಂದರೆ ನಿಂತು ಮಾತಾಡಿ. ದೊಡ್ಡ ನೀರಿನ ಬಾಟಲಿ ಮೇಜಿನ ಮೇಲೆ ಇಡಬೇಡಿ, ಸಣ್ಣ ಲೋಟ ಇಡಿ, ಖಾಲಿ ಆದಾಗೆಲ್ಲ ಅಡುಗೆಮನೆಗೆ ಹೋಗಿ ಬನ್ನಿ. ಮಧ್ಯಾಹ್ನ ಮತ್ತು ರಾತ್ರಿ ಊಟವಾದ ಮೇಲೆ ಹತ್ತು ಹತ್ತು ನಿಮಿಷ ತಾರಸಿಯಲ್ಲೋ ರಸ್ತೆಯಲ್ಲೋ ಓಡಾಡಿ, ನಿಮಗೆ ಇದರಷ್ಟು ಉಪಯೋಗದ್ದು ಬೇರೆ ಇಲ್ಲ.

ದಿನಕ್ಕೆ ಹತ್ತು ಸಾವಿರ ಹೆಜ್ಜೆ ಆಗಲಿಲ್ಲ ಅಂತಲೂ ಕೊರಗಬೇಡಿ. ಆ ಸಂಖ್ಯೆ ಹುಟ್ಟಿದ್ದು 1965ರಲ್ಲಿ, ಜಪಾನಿನ ಕಂಪನಿಯೊಂದು ಹೆಜ್ಜೆ ಎಣಿಸುವ ಯಂತ್ರಕ್ಕೆ ಹತ್ತು ಸಾವಿರದ ಹೆಸರಿಟ್ಟು ಮಾರಿದಾಗ. ಈಗ ನೀವು ಎರಡೂವರೆ ಸಾವಿರ ನಡೆಯುತ್ತಿದ್ದರೆ ನಾಲ್ಕಕ್ಕೆ ಏರಿಸಿ, ಅದಕ್ಕೂ ಲಾಭ ಇದೆ.

ನಿಂತು ಕೆಲಸ ಮಾಡುವ ಟೇಬಲ್ಲಿಗೆ ಹದಿನೈದು ಇಪ್ಪತ್ತು ಸಾವಿರ ಸುರಿಯಬೇಕಾಗಿಲ್ಲ. ಕೂರುವ ಬದಲು ನಿಂತರೆ ಗಂಟೆಗೆ ಹತ್ತು ಕ್ಯಾಲೊರಿಯೂ ಜಾಸ್ತಿ ಖರ್ಚಾಗುವುದಿಲ್ಲ. ಇಡೀ ದಿನ ನಿಂತರೆ ಹಿಮ್ಮಡಿ ನೋವು, ಕಾಲಿನ ನರ ಉಬ್ಬುವುದು ಬೇರೆ. ಸೊಂಟಕ್ಕೆ ಭಂಗಿ ಬದಲಿಸಲು ಬೇಕು ಅಂದರೆ ಅಡುಗೆಮನೆ ಕಟ್ಟೆಯ ಮೇಲೆ ಲ್ಯಾಪ್‌ಟಾಪ್ ಇಟ್ಟು ವಾರ ಪ್ರಯೋಗ ಮಾಡಿ. ಹಾಂ, ಹಿಮ್ಮಡಿ ಅಂದಾಗ ನೆನಪಾಯಿತು: ಮನೆಯಲ್ಲೇ ಇರುವವರು ದಿನವಿಡೀ ಗ್ರಾನೈಟ್ ನೆಲದಲ್ಲಿ ಬರಿಗಾಲಲ್ಲಿ ಓಡಾಡಿ ಹಿಮ್ಮಡಿ ನೋವು ತಂದುಕೊಂಡದ್ದನ್ನು 2020ರ ಕೊನೆಯಿಂದ ತುಂಬಾ ನೋಡಿದೆ. ಮನೆಯೊಳಗೂ ಒಂದು ಜೊತೆ ಮೆತ್ತನೆಯ ಚಪ್ಪಲಿ ಇಟ್ಟುಕೊಳ್ಳಿ.

ನಾನು ನಿಮ್ಮ ಜಾಗದಲ್ಲಿದ್ದರೆ ಜಿಮ್‌ನಿಂದ ಶುರು ಮಾಡುತ್ತಿರಲಿಲ್ಲ. ಮೊದಲು ಕಳೆದುಹೋದ ಆ 55 ನಿಮಿಷವನ್ನು ತುಂಡು ತುಂಡಾಗಿ ವಾಪಸ್ ತರುತ್ತಿದ್ದೆ. ಆಫೀಸಿನ ಎರಡು ದಿನ ಕ್ಯಾಬ್ ಬಿಡಿ. 2023ರ ಅಕ್ಟೋಬರ್‌ನಿಂದ ವಿಜಯನಗರದಲ್ಲಿ ನೇರಳೆ ಮಾರ್ಗದ ಮೆಟ್ರೋ ಹತ್ತಿದರೆ ವೈಟ್‌ಫೀಲ್ಡ್‌ವರೆಗೆ ಒಂದೇ ರೈಲು. ಎರಡು ಕಡೆ ನಡಿಗೆ, ನಿಲ್ದಾಣದ ಮೆಟ್ಟಿಲು, ಅರ್ಧ ದಾರಿ ನಿಂತಿರುವುದು ಎಲ್ಲ ತಾನಾಗೇ ಸಿಗುತ್ತದೆ. ಮೆಟ್ಟಿಲು ಹತ್ತುವುದು ಮೊದಲು, ಇಳಿಯುವುದು ಮಂಡಿಗೆ ಕಷ್ಟ, ಮೊದಲ ತಿಂಗಳು ಇಳಿಯಲು ಎಸ್ಕಲೇಟರ್ ಬಳಸಿ. ಮನೆಯಲ್ಲಿರುವ ದಿನ ಬೆಳಿಗ್ಗೆ 15 ನಿಮಿಷದ ನಡಿಗೆಯಿಂದ ಶುರು. ವಾರಕ್ಕೆ ಐದು ನಿಮಿಷಕ್ಕಿಂತ ಜಾಸ್ತಿ ಏರಿಸಬೇಡಿ. ನಮ್ಮ ಫುಟ್‌ಪಾತ್ ಗೊತ್ತಲ್ಲ, ಕತ್ತಲಲ್ಲಿ ಬೇಡ, ಪಾರ್ಕ್ ಹತ್ತಿರ ಇದ್ದರೆ ಅಲ್ಲೇ ಒಳ್ಳೆಯದು.

ನಡಿಗೆ ಒಂದರಿಂದ ಬಲ ಬರುವುದಿಲ್ಲ. ವಾರಕ್ಕೆ ಎರಡು ದಿನ ಬಲದ ವ್ಯಾಯಾಮ ಬೇಕೇ ಬೇಕು, ಮುಟ್ಟು ನಿಲ್ಲುವ ವಯಸ್ಸು ಹತ್ತಿರ ಇರುವಾಗ ಮೂಳೆಗೂ ಬೇಕು. ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು ಹತ್ತು ಸಲ, ಗೋಡೆಗೆ ಕೈ ಕೊಟ್ಟು ತಳ್ಳುವುದು, ಮಲಗಿ ಸೊಂಟ ಮೇಲೆತ್ತುವುದು, ಕಾಲಬೆರಳ ಮೇಲೆ ನಿಂತು ಇಳಿಯುವುದು. ಎರಡೆರಡು ಸುತ್ತು. ಮರುದಿನ ತೊಡೆ ಸ್ವಲ್ಪ ಹಿಡಿದರೆ ಪರವಾಗಿಲ್ಲ. ಮಂಡಿ ಊದಿದರೆ, ನೋವು ಒಂದು ದಿನಕ್ಕಿಂತ ಜಾಸ್ತಿ ಉಳಿದರೆ ಅರ್ಧಕ್ಕೆ ಇಳಿಸಿ. ನಿಲ್ಲಿಸಬೇಡಿ, ಇಳಿಸಿ. ಮೂರು ತಿಂಗಳು ಹೀಗೆ ನಡೆದ ಮೇಲೆ ಜಿಮ್‌ಗೆ ಮನಸ್ಸಿದ್ದರೆ ಖಂಡಿತ ಹೋಗಿ, ಮೊದಲ ದಿನವೇ ನಿಮ್ಮ ಮಂಡಿ, ಸೊಂಟದ ಕಥೆಯನ್ನು ಟ್ರೇನರ್‌ಗೆ ಹೇಳಿ. ಕೇಳಿಸಿಕೊಳ್ಳದೆ ಎಲ್ಲರಿಗೂ ಮಾಡಿಸುವುದನ್ನೇ ಮಾಡಿಸಿದರೆ ಜಿಮ್ ಬದಲಿಸಿ.

ನಿಮ್ಮ ಅತ್ತೆಯವರ ವಿಷಯ ನನಗೆ ನಿಮ್ಮದಕ್ಕಿಂತ ಹೆಚ್ಚು ಚಿಂತೆ ಹುಟ್ಟಿಸುತ್ತದೆ. 2020ರಲ್ಲಿ 65 ದಾಟಿದವರು ಮನೆಯಲ್ಲೇ ಇರಬೇಕು ಅಂತ ಸರ್ಕಾರವೇ ಹೇಳಿತ್ತು, ಮಕ್ಕಳೂ ಅದನ್ನೇ ಹೇಳಿದರು. ಆಗ ಅದು ಸರಿಯಾಗಿತ್ತು. ಆದರೆ "ಇನ್ನು ಹೊರಗೆ ಹೋಗಬಹುದು" ಅಂತ ಅವರಿಗೆ ಯಾರೂ ಕೂತು ಹೇಳಲಿಲ್ಲ. ಓಡಾಟ ನಿಂತಾಗ ಕಾಲಿನ ಬಲ ಹೋಯಿತು, ಬಲ ಹೋದಾಗ ಭಯ ಬಂತು, ಭಯಕ್ಕೆ ಮತ್ತೆ ಕೂತರು. ಒಂದು ಪರೀಕ್ಷೆ ಮಾಡಿ. ಗೋಡೆಗೆ ಒತ್ತಿ ಇಟ್ಟ ಗಟ್ಟಿ ಕುರ್ಚಿಯಲ್ಲಿ ಕೂರಿಸಿ, ಕೈಗಳನ್ನು ಎದೆಯ ಮೇಲೆ ಕಟ್ಟಿಕೊಂಡು 30 ಸೆಕೆಂಡಿನಲ್ಲಿ ಎಷ್ಟು ಸಲ ಎದ್ದು ನಿಲ್ಲುತ್ತಾರೆ ಎಣಿಸಿ, ನೀವು ಪಕ್ಕದಲ್ಲೇ ಇರಿ. ಅವರ ವಯಸ್ಸಿನ ಹೆಂಗಸರಲ್ಲಿ ಹತ್ತಕ್ಕಿಂತ ಕಡಿಮೆ ಬಂದರೆ ಬೀಳುವ ಅಪಾಯ ಹೆಚ್ಚು ಅಂತ ಲೆಕ್ಕ. ಸಂಖ್ಯೆಯನ್ನು ಕ್ಯಾಲೆಂಡರಿನಲ್ಲಿ ಬರೆದಿಡಿ. ದಿನಾ ಅದೇ ಏಳುವುದು ಕೂರುವುದನ್ನು ಮಾಡಿಸಿ, ಬೇಕಾದರೆ ಮೊದಲಿಗೆ ಕೈ ಊರಿಕೊಳ್ಳಲಿ. ಸಮತೋಲನಕ್ಕೆ ವಾರಕ್ಕೆ ಮೂರು ದಿನವಾದರೂ ಅಡುಗೆಮನೆ ಕಟ್ಟೆ ಹಿಡಿದು ಒಂದೊಂದೇ ಕಾಲಲ್ಲಿ ನಿಲ್ಲಲಿ. ಕಣ್ಣಿನ ಪೊರೆ, ಕೂತಲ್ಲಿಂದ ಎದ್ದಾಗ ಬಿಪಿ ಇಳಿಯುತ್ತದೆಯೇ, ತೆಗೆದುಕೊಳ್ಳುವ ಮಾತ್ರೆಗಳು, ಇವನ್ನು ಡಾಕ್ಟರ ಹತ್ತಿರ ನೋಡಿಸಿ. ಬಚ್ಚಲಲ್ಲಿ ಹಿಡಿದುಕೊಳ್ಳಲು ಒಂದು ಸರಳು ಹಾಕಿಸಿ.

ಮೊದಲ ವಾರ ಗೇಟಿನವರೆಗೆ ಸಾಕು. ಆಮೇಲೆ ಪಕ್ಕದ ಮನೆ, ಆಮೇಲೆ ರಸ್ತೆ ತಿರುವು. ಹಿಂದೆ ಪಟ್ಟಿ ಇರುವ ಚಪ್ಪಲಿ ಹಾಕಿಸಿ, ಸೀರೆ ಸ್ವಲ್ಪ ಮೇಲಕ್ಕೆ ಉಡಲಿ. ದೇವಸ್ಥಾನಕ್ಕೆ ಕರೆದುಕೊಂಡು ಹೋಗುವ ದಿನ ಜನ ಕಡಿಮೆ ಇರುವ ಹೊತ್ತು ನೋಡಿ. ಮೆಟ್ಟಿಲು ಹತ್ತುವಾಗ ನೀವು ಅವರ ಹಿಂದೆ, ಒಂದು ಮೆಟ್ಟಿಲು ಕೆಳಗೆ ಇರಿ. ಇಳಿಯುವಾಗ ಮುಂದೆ, ಆಗಲೂ ಒಂದು ಮೆಟ್ಟಿಲು ಕೆಳಗೇ. ತೋಳು ಹಿಡಿದು ಎಳೆಯಬೇಡಿ, ನಿಮ್ಮ ತೋಳನ್ನು ಅವರೇ ಹಿಡಿದುಕೊಳ್ಳಲಿ.